ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ?

(ದಾವಣಗೆರೆಯಲ್ಲಿ ಹೊಸ ಮುಖ್ಯ ಶಿಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ಸ್ವಲ್ಪ ಉದ್ದ ಇದೆ. ‘ಶಾಲಾ ನಾಯಕತ್ವ ಮತ್ತು ಸಬಲೀಕರಣದ ಮೂಲಕ ಶಿಕ್ಷಕರ ವೃತ್ತಿ ಬದ್ಧತೆಯನ್ನು ಬಲಪಡಿಸುವುದು.’ ಆಹ್ವಾನ ಪತ್ರಿಕೆಯಲ್ಲಿ ಎರಡು ಸಾಲು ಹಿಡಿದಿದೆ. ಅದನ್ನು ಓದಿ ನನ್ನ ಹೆಂಡತಿ ಕೇಳಿದಳು, “ಹಂಗಂದ್ರೆ ಏನ್ರೀ?” “ಮೇಷ್ಟ್ರು ಮನಸ್ಸಿಟ್ಟು ಪಾಠ ಮಾಡೋ ಹಾಗೆ ಹೆಡ್‌ಮೇಷ್ಟ್ರು ಏನು ಮಾಡಬೇಕು ಅಂತ” ಅಂದೆ. “ಅದನ್ನ ಹೇಳೋಕೆ ನಿಮ್ಮನ್ನ ಯಾಕೆ ಕರೆದ್ರು?” ಅಂದಳು.

ಅವಳ ಪ್ರಶ್ನೆ ನ್ಯಾಯವಾದದ್ದೇ. ನಾನು ಹದಿನಾಲ್ಕು ವರ್ಷ ಹೆಚ್.ಎಂ. ಆಗಿದ್ದೆ. ಅದರಲ್ಲಿ ಮೊದಲ ಐದು ವರ್ಷ ಕೆಟ್ಟ ಹೆಚ್.ಎಂ. ಆಗಿದ್ದೆ. ಇವತ್ತು ಜಾಸ್ತಿ ಮಾತಾಡುವುದು ಆ ಐದು ವರ್ಷದ ಬಗ್ಗೆಯೇ. ನೀವೆಲ್ಲ ಈಗಷ್ಟೇ ಚಾರ್ಜ್ ತಗೊಂಡವರು. ನಿಮ್ಮ ಐದು ವರ್ಷ ಇನ್ನೂ ಶುರುವಾಗಬೇಕು, ಅದಕ್ಕೇ ಹೇಳುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ದಾವಣಗೆರೆ ಇನ್ನೂ ಜಿಲ್ಲೆ ಆಗಿರಲಿಲ್ಲ. ಏನೇ ಕಾಗದ ಬೇಕಿದ್ದರೂ ಚಿತ್ರದುರ್ಗಕ್ಕೆ ಹೋಗಬೇಕು. 1997ರಲ್ಲಿ ಜಿಲ್ಲೆ ಆಯಿತು, ಜಗಳೂರು ತಾಲ್ಲೂಕು ಈ ಕಡೆ ಬಂತು, ನಾವೂ ಅದರ ಜೊತೆ ಬಂದೆವು. ಮುಂದೆ ಅದೇ ಜಗಳೂರು ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ನಾನು ಹೆಚ್.ಎಂ. ಆದೆ. ಏಳು ಜನ ಶಿಕ್ಷಕರು. ಹೆಂಚಿನ ಮಾಡಿನ ಹಳೇ ಕಟ್ಟಡ. ಆಫೀಸು ಕೋಣೆಯಲ್ಲಿ ಒಂದು ಕಬ್ಬಿಣದ ಬೀರು, ಒಂದು ಮರದ ಬೀರು.

ಚಾರ್ಜ್ ತಗೊಂಡ ದಿನ ಇವತ್ತಿಗೂ ನೆನಪಿದೆ. ಹಿಂದಿನ ಹೆಚ್.ಎಂ. ಪಟ್ಟಿ ಓದುತ್ತಾ ಹೋದರು, ನಾನು ಟಿಕ್ ಹಾಕುತ್ತಾ ಹೋದೆ. ಗ್ರಂಥಾಲಯ ಪುಸ್ತಕ 386. ಗ್ಲೋಬು ಎರಡು. ಗಣಿತ ಕಿಟ್ಟು ಒಂದು. ತಕ್ಕಡಿ ಒಂದು, ಬಟ್ಟು ಒಂದು ಸೆಟ್ಟು. ಎಲ್ಲ ಮುಗಿದ ಮೇಲೆ ಬೀಗದ ಕೈ ಗೊಂಚಲು ನನ್ನ ಕೈಗಿಟ್ಟರು. ಇಟ್ಟು ಒಂದು ಮಾತು ಹೇಳಿದರು. “ಹುಷಾರು ಸರ್. ಒಂದು ಪುಸ್ತಕ ಕಡಿಮೆ ಬಿದ್ರೂ ನಿಮ್ಮ ಪೆನ್ಷನ್‌ಗೆ ಬರುತ್ತೆ.”

ಹೆಚ್.ಎಂ. ಆದ ಮೇಲೆ ನನಗೆ ಸಿಕ್ಕ ಮೊದಲ ತರಬೇತಿ ಅದು. ಆಮೇಲೆ ಇಲಾಖೆ ಎಷ್ಟೋ ತರಬೇತಿ ಕೊಟ್ಟಿತು. ಯಾವುದೂ ಇದರಷ್ಟು ಗಟ್ಟಿಯಾಗಿ ತಲೆಗೆ ಹತ್ತಲಿಲ್ಲ.

ನಾಲ್ಕನೇ ಕ್ಲಾಸಿಗೆ ಒಬ್ಬರು ಮೇಡಂ ಇದ್ದರು. ಹೊಸದಾಗಿ ಬಂದಿದ್ದರು. ಒಂದು ದಿನ ಆಫೀಸಿಗೆ ಬಂದು, “ಸರ್, ಕಥೆ ಪುಸ್ತಕ ಬೇಕಿತ್ತು” ಅಂದರು. “ನಾಳೆ ಕೊಡ್ತೀನಿ ಮೇಡಂ” ಅಂದೆ. ಇನ್ನೊಂದು ವಾರ ಬಿಟ್ಟು ಬಂದರು. ತಾಲ್ಲೂಕಿನ ಶಿಕ್ಷಣಾಧಿಕಾರಿ, ಅದೇ ಬಿಇಓ ಆಫೀಸಿಗೆ ಯಾವುದೋ ಮಾಹಿತಿ ಕಳಿಸುವ ಅವಸರದಲ್ಲಿದ್ದೆ. “ಮಧ್ಯಾಹ್ನ ನೋಡೋಣ” ಅಂದೆ. ಮೂರನೇ ಸಲ ಕೇಳಿದಾಗ, “ಮಕ್ಕಳು ಹರಿದು ಹಾಕ್ತಾರೆ, ನೀವೇ ಓದಿ ಹೇಳಿಬಿಡಿ” ಅಂದೆ. ನಾಲ್ಕನೇ ಸಲ ಬರಲಿಲ್ಲ.

ಆ ವರ್ಷದ ಕೊನೆಗೆ ಅವರ ಬಗ್ಗೆ ವರದಿ ಬರೆಯಬೇಕಾಗಿ ಬಂತು. ನಾನು ಏನು ಬರೆದೆ ಗೊತ್ತಾ? ‘ಆಸಕ್ತಿ ಇನ್ನಷ್ಟು ಬೇಕು.’ ಕೈ ನಡುಗಲಿಲ್ಲ ನನಗೆ. ಆಸಕ್ತಿ ಇಟ್ಟುಕೊಂಡು ಮೂರು ಸಲ ನನ್ನ ಬಾಗಿಲಿಗೆ ಬಂದವರನ್ನು ನಾನೇ ವಾಪಸ್ ಕಳಿಸಿದ್ದೆ ಅನ್ನುವುದು ಆಗ ತಲೆಗೇ ಹೊಳೆಯಲಿಲ್ಲ.

ಮುಂದಿನ ಮಳೆಗಾಲ ಮುಗಿದ ಮೇಲೆ ದಾಸ್ತಾನು ತಪಾಸಣೆಗೆ ಅಂತ ಮರದ ಬೀರು ತೆಗೆದೆವು. ಹಿಂಬದಿಯ ಗೋಡೆಯಿಂದ ಬೆರಳು ದಪ್ಪದ ಮಣ್ಣಿನ ಗೆರೆ ಬೀರುವಿನ ಒಳಗೇ ಹೋಗಿತ್ತು. ಗೆದ್ದಲು. ಮೇಲಿನ ಸಾಲು ನೋಡಲು ಚೆನ್ನಾಗೇ ಇತ್ತು. ಕೆಳಗಿನ ಸಾಲಿನಿಂದ ಒಂದು ಪುಸ್ತಕ ಎತ್ತಿದೆ. ರಟ್ಟು ಕೈಗೆ ಬಂತು, ಹಾಳೆ ಅಲ್ಲೇ ಉಳಿಯಿತು. ಇನ್ನೊಂದರ ನಡುವೆ ಹಾಳೆಯೇ ಇರಲಿಲ್ಲ, ಬರೀ ಮಣ್ಣು. ಸುತ್ತ ಎಲ್ಲರೂ ನಿಂತಿದ್ದರು. ಯಾರೂ ಮಾತಾಡಲಿಲ್ಲ. ಆ ಮೇಡಂ ಮಾತ್ರ ಮೆಲ್ಲಗೆ ಅಂದರು, “ಹೋಗ್ಲಿ ಬಿಡಿ ಸರ್, ಗೆದ್ದಲಿಗಾದ್ರೂ ಓದೋಕೆ ಸಿಕ್ತಲ್ಲ.”

ಆ ಮಾತಿಗೆ ಆಗ ಸಿಟ್ಟು ಬಂತು. ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಬೀರುವಿನ ಕೀ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟೆ. “ಇನ್ನು ಮುಂದೆ ಇದು ನಿಮ್ಮದು” ಅಂದೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡು ಎದೆ ಉಬ್ಬಿಸಿಕೊಂಡು ಬಂದು ಕೂತೆ. ಒಂದು ವಾರ ಆಯಿತು. ಬೀರುವಿನ ಬೀಗ ಹಾಕಿದ ಹಾಗೇ ಇದೆ. ಕರೆದು ಕೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಕಡಿಮೆ ಬಿದ್ರೆ ಯಾರು ಹೊಣೆ ಸರ್?”

ನಾನು ಕೀ ಕೊಟ್ಟಿದ್ದೆ, ಅದರ ಜೊತೆ ನನ್ನ ಭಯವನ್ನೂ ಕೊಟ್ಟಿದ್ದೆ. ನನ್ನ ಪೆನ್ಷನ್ ಭಯ ಈಗ ಅವರ ಸಂಬಳದ ಭಯ ಆಗಿತ್ತು ಅಷ್ಟೇ. ಆ ವಾರದ ಸಿಬ್ಬಂದಿ ಸಭೆಯ ನಡಾವಳಿ ಪುಸ್ತಕದಲ್ಲಿ ನಾನೇ ಬರೆದೆ: ‘ಮಕ್ಕಳಿಗೆ ಓದಲು ಕೊಟ್ಟ ಪುಸ್ತಕ ಹರಿದರೆ ಅಥವಾ ಕಳೆದರೆ ಅದಕ್ಕೆ ಮುಖ್ಯ ಶಿಕ್ಷಕರೇ ಹೊಣೆ.’ ಕೆಳಗೆ ಸಹಿ ಹಾಕಿ ಸೀಲು ಒತ್ತಿದೆ. ಮಾರನೇ ದಿನ ಬೀಗ ತೆಗೆಯಿತು.

ನಮ್ಮ ವ್ಯವಸ್ಥೆಯಲ್ಲಿ ಅಧಿಕಾರ ಮೇಲೆ ಇರುತ್ತದೆ, ಹೊಣೆ ಕೆಳಗೆ ಇಳಿಯುತ್ತದೆ. ಸುತ್ತೋಲೆ ಬರೆಯುವವರು ಒಬ್ಬರು, ನೋಟಿಸು ತಗೊಳ್ಳುವವರು ಇನ್ನೊಬ್ಬರು. ಸಬಲೀಕರಣ ಅಂದರೆ ಇದನ್ನು ತಿರುವಿ ಹಾಕುವುದು. ಶಾಲೆಯ ಗೇಟಿನ ಒಳಗಾದರೂ ಅಧಿಕಾರ ಕೆಳಗೆ ಇಳಿಯಲಿ, ಬೈಗುಳ ಮೇಲೆ ಬರಲಿ. ಹೆಚ್.ಎಂ. ಸಂಬಳದಲ್ಲಿ ಬೈಸಿಕೊಳ್ಳುವ ಭತ್ಯೆಯೂ ಸೇರಿದೆ ಅಂತ ಅಂದುಕೊಳ್ಳಿ.

ಸರಿ, ಪುಸ್ತಕದ ಕತೆ ಮುಗಿಸಿಬಿಡುತ್ತೇನೆ. ಮೇಡಂ ಕ್ಲಾಸಿನ ಗೋಡೆಗೆ ಈ ಕಡೆಯಿಂದ ಆ ಕಡೆಗೆ ದಾರ ಕಟ್ಟಿದರು. ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಪುಸ್ತಕ ನೇತು ಹಾಕಿದರು. ಯಾರು ಒಯ್ದರು, ಯಾರು ತಂದರು ಅನ್ನುವ ಲೆಕ್ಕ ಇಡಲು ಇಬ್ಬರು ಹುಡುಗಿಯರು. ನೂರು ಪುಟದ ನೋಟ್‌ಬುಕ್ಕೇ ರಿಜಿಸ್ಟರು. ಶೇಂಗಾ ಕೀಳುವ ಕಾಲಕ್ಕೆ ಹೊಲದಲ್ಲೇ ಉಳಿದಿದ್ದ ಹುಡುಗನೊಬ್ಬ ಇಪ್ಪತ್ತು ದಿನ ಬಿಟ್ಟು ಶಾಲೆಗೆ ಬಂದ. ಪುಸ್ತಕದ ಅಟ್ಟೆ ತುಂಬ ಕೆಂಪು ಮಣ್ಣು. ಆ ಹುಡುಗಿಯರು ಅವನಿಗೆ ದಂಡ ಹಾಕಿದರು: ಎಲ್ಲರ ಮುಂದೆ ಆ ಕಥೆ ಹೇಳಬೇಕು. ಅವನು ಹೇಳಿದ. ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳಿದ.

ಆ ಮೇಡಂ ಬಗ್ಗೆ ನಾನು ‘ಆಸಕ್ತಿ ಇನ್ನಷ್ಟು ಬೇಕು’ ಅಂತ ಬರೆದಿದ್ದೆ ಅಲ್ವಾ?

ಈಗ ಸ್ವಲ್ಪ ಓದಿಕೊಂಡವರ ಮಾತು. ಬದ್ಧತೆ ಅಂದರೆ ಒಂದೇ ತರಹ ಅಲ್ಲ. ಜಾನ್ ಮೇಯರ್, ನಟಾಲಿ ಅಲೆನ್ ಅಂತ ಕೆನಡಾದ ಇಬ್ಬರು ಸಂಶೋಧಕರು 1991ರಲ್ಲಿ ಇದನ್ನು ಮೂರಾಗಿ ಬಿಡಿಸಿ ತೋರಿಸಿದರು. ಅವರ ಶಬ್ದಗಳು ಬಾಯಿಗೆ ಕಷ್ಟ. ನಾನು ನನ್ನ ಅನುಕೂಲಕ್ಕೆ ಇಷ್ಟ, ಲೆಕ್ಕ, ಋಣ ಅಂತ ಇಟ್ಟುಕೊಂಡಿದ್ದೇನೆ. ಕೆಲಸ ಇಷ್ಟ ಅಂತ ಉಳಿಯುವವರು ಒಂದು ತರಹ. ಬಿಟ್ಟರೆ ನಷ್ಟ, ಸಂಬಳ ಇದೆ, ಸಾಲದ ಕಂತು ಇದೆ ಅಂತ ಉಳಿಯುವವರು ಇನ್ನೊಂದು ತರಹ. ಇಲ್ಲಿಗೆ ನನ್ನ ಋಣ ಇದೆ, ಬಿಟ್ಟು ಹೋಗಬಾರದು ಅಂತ ಉಳಿಯುವವರು ಮೂರನೇ ತರಹ. ಮೂರೂ ನಮ್ಮೆಲ್ಲರಲ್ಲೂ ಇರುತ್ತವೆ, ಹದ ಬೇರೆ ಬೇರೆ. ಲೆಕ್ಕಕ್ಕೆ ಉಳಿದವರು ರಾಜೀನಾಮೆ ಕೊಡುವುದಿಲ್ಲ. ಹಾಗಂತ ಕೆಲಸ ಚೆನ್ನಾಗಿ ಮಾಡುತ್ತಾರೆ ಅಂತಲೂ ಇಲ್ಲ.

ನಾವು ಹೆಚ್.ಎಂ.ಗಳು ಸಾಮಾನ್ಯವಾಗಿ ಮುಟ್ಟುವುದು ಲೆಕ್ಕವನ್ನೇ. ಸಿಎಲ್ ತಡೆಯುತ್ತೇವೆ, ಇನ್‌ಕ್ರಿಮೆಂಟ್ ನೆನಪಿಸುತ್ತೇವೆ, ಮೇಲಿನವರಿಗೆ ಬರೆಯುತ್ತೇನೆ ಅನ್ನುತ್ತೇವೆ. ಅದರಿಂದ ಇಷ್ಟ ಹುಟ್ಟುವುದಿಲ್ಲ. ಇದಕ್ಕೆ ನನ್ನ ಕೆಂಪು ಶಾಯಿಯ ಕತೆ ಹೇಳಬೇಕು.

ನಮ್ಮಲ್ಲಿ ಮೂವರು ದಾವಣಗೆರೆಯಿಂದ ದಿನಾ ಅಪ್ ಅಂಡ್ ಡೌನ್ ಮಾಡುತ್ತಿದ್ದರು. ಬಸ್ಸು ಸರಿಯಾಗಿ ಬಂದರೆ ಹತ್ತಕ್ಕೆ ಐದು ನಿಮಿಷ ಮುಂಚೆ, ಇಲ್ಲದಿದ್ದರೆ ಹತ್ತೂಕಾಲು. ತಡವಾದ ದಿನ ನಾನು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕತೊಡಗಿದೆ. ತಿಂಗಳೊಳಗೆ ಮೂವರೂ ಮುಂಚಿನ ಬಸ್ಸು ಹಿಡಿಯತೊಡಗಿದರು. ಗೆದ್ದೆ ಅಂದುಕೊಂಡೆ. ಆಮೇಲೆ ಒಂದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದಳು, “ಸಾರ್, ಮುಂಚೆ ಸಂಜೆ ಹೊತ್ತು ನನ್ನ ಮಗನ್ನ ಕೂರಿಸ್ಕೊಂಡು ಭಾಗಾಕಾರ ಹೇಳ್ಕೊಡ್ತಿದ್ರು. ಈಗ ಯಾಕೆ ನಿಲ್ಲಿಸಿಬಿಟ್ರು?”

ನನಗೆ ಅದು ಗೊತ್ತೇ ಇರಲಿಲ್ಲ. ಆ ಮೂವರಲ್ಲಿ ಒಬ್ಬರು ಲಾಂಗ್ ಬೆಲ್ ಆದ ಮೇಲೆ ಐದು ಗಂಟೆಯ ಬಸ್ಸು ಬರುವವರೆಗೆ ನಾಲ್ಕೈದು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರಂತೆ. ಕೆಂಪು ಶಾಯಿ ಶುರುವಾದ ಮೇಲೆ ಬೆಲ್ ಹೊಡೆಯುವ ಹೊತ್ತಿಗೆ ಬ್ಯಾಗು ಹೆಗಲ ಮೇಲೆ. ನಿಮಿಷಕ್ಕೆ ನಿಮಿಷ ಲೆಕ್ಕ ಕೇಳಿದೆ, ಅವರೂ ನಿಮಿಷಕ್ಕೆ ನಿಮಿಷ ಲೆಕ್ಕ ಕೊಟ್ಟರು. ಬೆಳಿಗ್ಗೆ ಕಾಲು ಗಂಟೆ ಉಳಿಸಿದೆ, ಸಂಜೆ ಅರ್ಧ ಗಂಟೆ ಕಳೆದೆ.

ಈ ಊರಿನಲ್ಲಿ ಹತ್ತಿ ಗಿರಣಿ ನಡೆಯುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಸೈರನ್ ಕೂಗಿದರೆ ಪಾಳಿ ಶುರು, ಕೂಗಿದರೆ ಮುಗೀತು. ಗಿರಣಿ ಹಾಗೇ ನಡೆಯಬೇಕು. ಅಲ್ಲಿ ನೂಲು ಎಷ್ಟು ಬಂತು ಅಂತ ಸಂಜೆ ತೂಗಬಹುದು. ಒಂದು ಮಗುವಿಗೆ ಭಾಗಾಕಾರ ಅರ್ಥ ಆದದ್ದು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ತಡವಾಗಿ ಬನ್ನಿ ಪರವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಆಮೇಲೆ ಮೂವರನ್ನೂ ಕೂರಿಸಿಕೊಂಡು, “ಬಸ್ಸು ತಡವಾದ ದಿನ ಏನು ಮಾಡೋಣ, ನೀವೇ ಹೇಳಿ” ಅಂದೆ. ಅವರೇ ಒಂದು ದಾರಿ ಹುಡುಕಿದರು. ಊರಲ್ಲೇ ಇದ್ದ ಮೇಷ್ಟ್ರು ಪ್ರಾರ್ಥನೆ ನೋಡಿಕೊಳ್ಳುವುದು, ಮೊದಲ ಹದಿನೈದು ನಿಮಿಷ ಮಕ್ಕಳೇ ಕಥೆ ಪುಸ್ತಕ ಓದುವುದು, ತಡವಾಗಿ ಬಂದವರು ಆವತ್ತು ಸಂಜೆ ಒಂದು ಗಂಟೆ ಉಳಿಯುವುದು. ಒಂದು ಗಂಟೆ! ನಾನಾಗಿದ್ದರೆ ಅಷ್ಟು ಕೇಳುತ್ತಿರಲಿಲ್ಲ. ಜನ ತಾವೇ ಹಾಕಿಕೊಂಡ ನಿಯಮ ನಾವು ಹಾಕಿದ ನಿಯಮಕ್ಕಿಂತ ಬಿಗಿ ಇರುತ್ತದೆ.

ಶಿಕ್ಷಕರು ಶಾಲೆಗೇ ಬರುವುದಿಲ್ಲ ಅನ್ನುವ ಮಾತು ಚಹಾದಂಗಡಿಯಲ್ಲಿ ದಿನಾ ಕೇಳುತ್ತೇವೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳನ್ನು ನೋಡಿ ಒಂದು ಅಧ್ಯಯನ ಪ್ರಕಟಿಸಿತು. ಕಾರಣವಿಲ್ಲದೆ ಗೈರಾದವರು ನೂರಕ್ಕೆ ಎರಡೂವರೆ ಮಾತ್ರ. ಶಾಲೆಯಲ್ಲಿ ಇರದ ಉಳಿದವರು ರಜೆ ಹಾಕಿದ್ದರು, ಇಲ್ಲವೇ ಇಲಾಖೆಯ ಕೆಲಸಕ್ಕೇ ಹೋಗಿದ್ದರು. ಓಓಡಿ, ಅಂದರೆ ಬೇರೆ ಕರ್ತವ್ಯದ ಮೇಲೆ ಅಂತ ಬರೆದು ಹೋಗುತ್ತೇವಲ್ಲ, ಅದು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಪಾಠದ ಹೊರಗಿನ ಕೆಲಸಕ್ಕೆ ಹಾಕಬಾರದು ಅನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಕ್ಕೆ ಮಾತ್ರ ವಿನಾಯಿತಿ. ಆ ವಿನಾಯಿತಿ ಎಷ್ಟು ಅಗಲ ಆಗಿದೆ ಅಂತ ಮತದಾರರ ಪಟ್ಟಿಯ ಬಿಎಲ್‌ಓ ಕೆಲಸ ಮಾಡಿದವರಿಗೆ ನಾನು ಹೇಳಬೇಕಿಲ್ಲ.

ಅದನ್ನು ಹೆಚ್.ಎಂ. ತಡೆಯಲು ಆಗುವುದಿಲ್ಲ. ಆದರೆ ಒಂದು ಸಂಗತಿ ನಮ್ಮ ಕೈಯಲ್ಲಿದೆ. ವಾಟ್ಸಾಪ್ ಗ್ರೂಪಿಗೆ ಹತ್ತೂವರೆಗೆ ‘ಅತಿ ತುರ್ತು’ ಅಂತ ಬರುತ್ತದೆ. ನಾವು ಅದನ್ನು ಹತ್ತೂ ಮೂವತ್ತೊಂದಕ್ಕೆ ಶಿಕ್ಷಕರಿಗೆ ಫಾರ್ವರ್ಡ್ ಮಾಡುತ್ತೇವೆ, ಅವರು ಪಾಠದ ನಡುವೆ ಮೊಬೈಲ್ ನೋಡುತ್ತಾರೆ. ನಾನು ಕೊನೆಯ ವರ್ಷಗಳಲ್ಲಿ ಊಟದ ಬೆಲ್ ತನಕ ಯಾವುದನ್ನೂ ಫಾರ್ವರ್ಡ್ ಮಾಡುತ್ತಿರಲಿಲ್ಲ. ಎರಡು ಸಲ ಬೈಸಿಕೊಂಡೆ. ಭತ್ಯೆ ಇದೆ ಅಂದೆನಲ್ಲ.

ಒಂದು ಎಚ್ಚರಿಕೆ. ಸಬಲೀಕರಣ ಅಂತ ಹೇಳಿ ಕೆಲಸ ದಾಟಿಸಿಬಿಡುವ ಚಾಳಿ ನಮ್ಮಲ್ಲಿ ಬಹಳ. ಬಿಸಿಯೂಟದ ಅಕ್ಕಿ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ ಎಲ್ಲ ಶಾಲೆಯ ಅತಿ ಕಿರಿಯ ಶಿಕ್ಷಕರ ತಲೆಗೆ. ಕೇಳಿದರೆ, “ನಿಮ್ಮ ಮೇಲೆ ನಂಬಿಕೆ ಇಟ್ಟು ಕೊಟ್ಟಿದ್ದೀನಿ” ಅನ್ನುತ್ತೇವೆ. ಕೆಲಸ ಕೊಟ್ಟಿದ್ದೀವಿ, ಆ ಕೆಲಸದಲ್ಲಿ ಒಂದು ಸಣ್ಣ ನಿರ್ಧಾರ ಮಾಡುವ ಹಕ್ಕು ಕೊಟ್ಟಿದ್ದೀವಾ? ಇಲ್ಲ. ಗ್ರೆಚೆನ್ ಸ್ಪ್ರೈಟ್ಜರ್ ಎಂಬ ಅಮೆರಿಕದ ಸಂಶೋಧಕಿ 1995ರಲ್ಲಿ ಹೇಳಿದ ಪ್ರಕಾರ, ತನ್ನ ಕೈಯಲ್ಲಿ ಏನೋ ಇದೆ ಅಂತ ಮನುಷ್ಯನಿಗೆ ಅನ್ನಿಸಲು ನಾಲ್ಕು ಸೇರಬೇಕು: ಈ ಕೆಲಸಕ್ಕೆ ಅರ್ಥ ಇದೆ, ಇದು ನನಗೆ ಬರುತ್ತದೆ, ಹೇಗೆ ಮಾಡಬೇಕು ಅನ್ನುವುದು ನನಗೆ ಬಿಟ್ಟದ್ದು, ಇದರಿಂದ ಏನೋ ಬದಲಾಗುತ್ತದೆ. ಮೊಟ್ಟೆ ಲೆಕ್ಕ ಬರೆಯುವ ಹೊಸ ಮೇಷ್ಟ್ರಿಗೆ ಈ ನಾಲ್ಕರಲ್ಲಿ ಎಷ್ಟು ಸಿಗುತ್ತವೆ ನೋಡಿ.

ಅದರ ಬದಲು ಶಾಲೆ ಶುರುವಾಗುವ ಮೊದಲ ದಿನ ತರಗತಿ ಹಂಚುವಾಗ, “ಯಾರಿಗೆ ಯಾವ ಕ್ಲಾಸು ಬೇಕು, ಯಾಕೆ ಬೇಕು” ಅಂತ ಕೇಳಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸುತ್ತೇವಲ್ಲ, ಬಹಳ ಶಾಲೆಗಳಲ್ಲಿ ಆ ನಲಿಕಲಿ ಅಂದರೆ ಕಿರಿಯರಿಗೆ ತಳ್ಳುವ ಕ್ಲಾಸು. ನಾನು ಕೇಳಿದ ವರ್ಷ, ನಿವೃತ್ತಿಗೆ ಮೂರು ವರ್ಷ ಇದ್ದ ಮೇಷ್ಟ್ರೊಬ್ಬರು ಕೈ ಎತ್ತಿ ಒಂದನೇ ಕ್ಲಾಸು ಬೇಕು ಅಂದರು. ಇಪ್ಪತ್ತು ವರ್ಷದಿಂದ ಏಳನೇ ಕ್ಲಾಸಿಗೆ ಸಮಾಜ ಹೇಳುತ್ತಿದ್ದವರು. “ಮೊಮ್ಮಗನಿಗೆ ಅಕ್ಷರ ಕಲಿಸ್ತಾ ಇದ್ದೆ ಸರ್, ರುಚಿ ಹತ್ತಿಬಿಡ್ತು” ಅಂದರು. ಬಗ್ಗಿ ಏಳುವಾಗ ಮಂಡಿ ನೋವು ಅಂತ ಒಂದು ಸಣ್ಣ ಮಣೆ ಮಾಡಿಸಿಕೊಂಡರು. ಅದನ್ನು ಗುಂಪಿನಿಂದ ಗುಂಪಿಗೆ ಎಳೆದುಕೊಂಡು ಹೋಗಿ ಮಕ್ಕಳ ನಡುವೆ ಕೂರುತ್ತಿದ್ದರು.

ಒಂದು ಸೋಲನ್ನೂ ಹೇಳಿಬಿಡುತ್ತೇನೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಐದನೇ ಕ್ಲಾಸಿನಲ್ಲಿ ಮಕ್ಕಳ ಎದುರೇ ಶಿಕ್ಷಕರನ್ನು ಗದರಿಸಿದರು. ಲೆಸನ್ ಪ್ಲಾನ್ ಬರೆದಿರಲಿಲ್ಲ ಅಂತ. ಆ ಶಿಕ್ಷಕರು ಆ ವಾರ ಪೂರ್ತಿ ಬಿಎಲ್‌ಓ ಕೆಲಸದಲ್ಲಿದ್ದರು, ನನಗೆ ಗೊತ್ತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. “ಸರ್, ನಾನೇ ಕಳಿಸಿದ್ದೆ” ಅನ್ನುವ ಮೂರು ಶಬ್ದ ಬಾಯಿಂದ ಬರಲಿಲ್ಲ. ಸಂಜೆ ಕ್ಷಮೆ ಕೇಳಿದೆ. “ಇರಲಿ ಬಿಡಿ ಸರ್” ಅಂದರು. ಆಮೇಲೆ ಎರಡು ವರ್ಷ ನಾವು ಒಟ್ಟಿಗೆ ಕೆಲಸ ಮಾಡಿದೆವು. ಹೇಳಿದ್ದನ್ನೆಲ್ಲ ಮಾಡಿದರು. ಹೇಳದ್ದು ಒಂದನ್ನೂ ಮಾಡಲಿಲ್ಲ. ಕೌನ್ಸೆಲಿಂಗ್ ಬಂದಾಗ ವರ್ಗಾವಣೆ ತಗೊಂಡು ಹೋದರು. ಋಣದ ಗಂಟು ಬಿಚ್ಚಿಹೋಗಲು ಒಂದು ಬೆಳಿಗ್ಗೆ ಸಾಕು.

ಎಲ್ಲವೂ ಹೆಚ್.ಎಂ. ಕೈಯಲ್ಲೇ ಇದೆ ಅಂತಲೂ ಅಂದುಕೊಳ್ಳಬೇಡಿ. ಶಾಲಾ ನಾಯಕತ್ವದ ಸಂಶೋಧಕ ಕೆನೆತ್ ಲೀಥ್‌ವುಡ್ ಮತ್ತು ಜೊತೆಯವರು 2004ರಲ್ಲಿ ಹೇಳಿದ್ದು ಇಷ್ಟು: ಶಾಲೆಯ ಒಳಗಿನ ಕಾರಣಗಳಲ್ಲಿ ಮಕ್ಕಳ ಕಲಿಕೆಗೆ ಮೊದಲನೆಯದು ಕ್ಲಾಸಿನ ಪಾಠ, ಅದಾದ ಮೇಲೆ ನಾಯಕತ್ವ. ಶಾಲೆಯ ಒಳಗಿನ ಕಾರಣಗಳು ಅನ್ನುವ ಮಾತು ಬಿಡಬೇಡಿ. ನಮ್ಮ ಅತಿಥಿ ಶಿಕ್ಷಕರು ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯುತ್ತಾರೆ. ಅವರಿಗೆ ಹೋಗಿ ಬದ್ಧತೆಯ ಭಾಷಣ ಮಾಡಬೇಡಿ, ಸುಮ್ನೆ ಪಾಪ. ಬಿಲ್ಲು ಸರಿಯಾದ ದಿನ ಕಳಿಸಿ. ಸಿಬ್ಬಂದಿ ಸಭೆಗೆ ಅವರನ್ನೂ ಕೂರಿಸಿ, ಅವರ ಮಾತನ್ನೂ ನಡಾವಳಿಯಲ್ಲಿ ಬರೆಯಿರಿ. ನಿಮ್ಮ ಕೈಯಲ್ಲಿ ಇರುವುದು ಅಷ್ಟೇ, ಅಷ್ಟನ್ನಾದರೂ ಮಾಡಿ.

ಇನ್ನು ಕೆಲವರು ಏನು ಮಾಡಿದರೂ ಬದಲಾಗುವುದಿಲ್ಲ. ನಮ್ಮಲ್ಲಿ ಒಬ್ಬರಿದ್ದರು. ಕೀ ಕೊಟ್ಟೆ, ಕಳೆದರು. ಕ್ಲಾಸು ಕೇಳಿದೆ, “ಯಾವುದಾದ್ರೂ ಕೊಡಿ” ಅಂದರು. ಅವರಿಗೆ ಕೆಂಪು ಶಾಯಿಯೇ ಬೇಕಾಯಿತು. ಒಬ್ಬರಿಗೆ ಬೇಕಾದದ್ದನ್ನು ಏಳೂ ಜನಕ್ಕೆ ಹಚ್ಚಿದ್ದೇ ನನ್ನ ಮೊದಲ ಐದು ವರ್ಷದ ತಪ್ಪು.

ನಾನು ನಿವೃತ್ತಿಯಾಗಿ ಚಾರ್ಜ್ ಕೊಡುವ ದಿನ ಬಂತು. ಈಗ ಪಟ್ಟಿ ಓದುವವನು ನಾನು, ಟಿಕ್ ಹಾಕುವವರು ಹೊಸಬರು. ಗೆದ್ದಲು ತಿಂದದ್ದು ಬಿಟ್ಟು 31 ಪುಸ್ತಕ ಕಡಿಮೆ ಬಿದ್ದವು. ದುಡ್ಡು ಕಟ್ಟಿದೆ. ಎಷ್ಟು ಅಂತ ಹೆಂಡತಿಗೆ ಇವತ್ತಿಗೂ ಹೇಳಿಲ್ಲ, ನೀವೂ ಹೇಳಬೇಡಿ. ಪೆನ್ಷನ್ ಸರಿಯಾಗಿ ಬರುತ್ತಿದೆ. ಕೊನೆಗೆ ಹೊಸಬರು ಕೈ ಚಾಚಿ, “ಬೀರು ಕೀ ಸರ್?” ಅಂದರು. “ನನ್ನ ಹತ್ತಿರ ಇಲ್ಲ, ನಾಲ್ಕನೇ ಕ್ಲಾಸಿನಲ್ಲಿದೆ” ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಎದ್ದು ನಾಲ್ಕನೇ ಕ್ಲಾಸಿನ ಕಡೆ ಹೊರಟರು.

ನಿಮಗೆಲ್ಲ ಒಂದೊಂದು ಬಿಳಿ ಹಾಳೆ ಹಂಚಿದ್ದಾರೆ. ನಿಮ್ಮ ಶಾಲೆಯಲ್ಲಿ ಎಷ್ಟು ಬೀಗ ಇವೆ, ಯಾವ ಬೀಗದ ಕೈ ಯಾರ ಹತ್ತಿರ ಇದೆ, ಅದು ಕೊನೆಯ ಸಲ ತೆಗೆದದ್ದು ಯಾವಾಗ ಅಂತ ಬರೆಯಿರಿ. ಕಂಪ್ಯೂಟರ್ ಕೋಣೆ ಮರೆಯಬೇಡಿ. ಹೆಸರು ಬರೆಯುವುದು ಬೇಡ. ಹೊರಗೆ ಚಹಾ ಬಂದಿದೆ, ಜೊತೆಗೆ ಮಂಡಕ್ಕಿ ಮೆಣಸಿನಕಾಯಿ ಇದೆಯಂತೆ. ತಿಂದು ಕೈ ಒರೆಸಿಕೊಂಡು ಬನ್ನಿ, ಹಾಳೆಗೆ ಎಣ್ಣೆ ಹತ್ತುತ್ತದೆ.